ಬಾಯಲ್ಲಿಟ್ಟ ಗುಂಡಿ

ನಮ್ಮ ಹೊಲಿಗೆ ಕೋಣೆಯಲ್ಲಿ ಮಾತಾಡಬಾರದು ಎಂಬ ಬೋರ್ಡು ಎಲ್ಲೂ ಇಲ್ಲ. ಬೇಕಾಗಿಯೂ ಇಲ್ಲ. ನಮ್ಮ ಬಾಯಲ್ಲಿ ಗುಂಡಿಗಳಿರುತ್ತವೆ.

ಎಳೆ ಮಕ್ಕಳ ಫ್ರಾಕಿಗೆ ಹಚ್ಚುವ ಪ್ಲಾಸ್ಟಿಕ್ ಗುಂಡಿ. ಬಟಾಣಿ ಕಾಳಿನಷ್ಟು ದುಂಡಗೆ, ಮುತ್ತಿನ ಬಣ್ಣ, ಅಡಿಯಲ್ಲಿ ದಾರ ಹಾಯಿಸಲು ಒಂದು ಸಣ್ಣ ಕೊಂಡಿ. ಮಿಷನ್ನಿಗೆ ಅದು ಬಗ್ಗುವುದಿಲ್ಲ, ಕೈಯಲ್ಲೇ ಹಚ್ಚಬೇಕು. ಮೊದಲು ಒಬ್ಬೊಬ್ಬರ ಮುಂದೆಯೂ ಒಂದು ಬಟ್ಟಲಿತ್ತು. ಬಟ್ಟಲಿಗೆ ಕೈ ಹಾಕುವುದು, ತಡಕುವುದು, ತೆಗೆಯುವುದು, ಇದೆಲ್ಲ ದಂಡದ ಹೊತ್ತು ಎಂದು ನಮ್ಮ ಮೇಸ್ತ್ರಿಗೆ ಒಂದು ದಿನ ಹೊಳೆಯಿತು. ಮಾರನೆಯ ಬೆಳಿಗ್ಗೆ ಬಟ್ಟಲುಗಳೆಲ್ಲ ಮಾಯ. ಅಂದಿನಿಂದ ಒಂದು ಹಿಡಿ ಗುಂಡಿಯನ್ನು ಬಾಯಿಗೆ ತುಂಬಿಕೊಳ್ಳಬೇಕು. ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಳ್ಳಬೇಕು. ಎಡಗೈ ಅದನ್ನು ತೆಗೆದು ಬಟ್ಟೆಯ ಮೇಲಿಡಬೇಕು. ಬಲಗೈಯ ಸೂಜಿ ನಿಲ್ಲಬಾರದು.

"ಕೆಲಸಾನೂ ಬೇಗ, ಹರಟೆಗೂ ಬೀಗ," ಎಂದು ಅವನೇ ಹೇಳಿ ಅವನೇ ನಕ್ಕಿದ್ದ. ಅವನಿಗೆ ನಾವಿಟ್ಟ ಹೆಸರು ಗಡಿಯಾರ. ಎದುರಿಗಿರುವವರ ಮುಖ ನೋಡಿ ಮಾತಾಡಿದವನೇ ಅಲ್ಲ. ಬೈದರೂ ನಕ್ಕರೂ ಕಣ್ಣು ಗೋಡೆಯ ಗಡಿಯಾರದ ಮೇಲೆಯೇ.

ಬಾಯಿಗೂ ಎಂಥದ್ದಾದರೂ ರೂಢಿಯಾಗಿಬಿಡುತ್ತದೆ. ಕೆಲಸ ಬಿಟ್ಟು ಹೊರಟಾಗ ಒಂದೋ ಎರಡೋ ಗುಂಡಿ ಕೆನ್ನೆಯ ಸಂದಿಯಲ್ಲಿ ಉಳಿದುಬಿಟ್ಟಿರುತ್ತದೆ, ಗೊತ್ತೇ ಆಗುವುದಿಲ್ಲ. ಒಮ್ಮೆ ನಾನು ಊಟಕ್ಕೆ ಕೂತು ಮೊದಲ ತುತ್ತು ಅಗಿದೆ, ಕಟಕ್ ಎಂದಿತು. ಕಲ್ಲು ಸಿಕ್ಕಿತು ಎಂದು ಅಕ್ಕಿ ಅಂಗಡಿಯವನ ಏಳು ತಲೆಮಾರನ್ನು ಬೈದೆ. ಉಗುಳಿ ನೋಡಿದರೆ ಗುಂಡಿ.

ಹಚ್ಚಿದ ಮೇಲೆ ಒಂದು ಪರೀಕ್ಷೆಯೂ ಇದೆ. ಇಕ್ಕಳದಂಥ ಒಂದು ಯಂತ್ರ ಗುಂಡಿಯನ್ನು ಕಚ್ಚಿ ಹಿಡಿದು ಜಗ್ಗುತ್ತದೆ. ಗುಂಡಿ ಕಿತ್ತು ಬಂತೋ, ಫ್ರಾಕು ಹಚ್ಚಿದವಳ ಮುಖದ ಮೇಲೆ ಬಂದು ಬೀಳುತ್ತದೆ. "ಇದನ್ನ ಹಾಕ್ಕೊಳ್ಳೋ ಮಗು ಕಿತ್ತು ಬಾಯಿಗೆ ಹಾಕ್ಕೊಂಡ್ರೆ? ಉಸಿರು ಕಟ್ಟಿ ಸತ್ರೆ? ಯಾರು ಜವಾಬ್ದಾರಿ?" ಎಂದು ಗಡಿಯಾರ ಕೂಗಾಡುತ್ತಾನೆ. ನಾವು ಯಾವ ಜನ್ಮದಲ್ಲೂ ಕಾಣದ ಯಾವುದೋ ಮಗುವಿನ ಗಂಟಲಿಗೆ ಅಷ್ಟು ಕಾವಲು. ಇರಲಿ, ಅದೂ ಮಗುವೇ. ಆದರೆ ಆ ಯಂತ್ರವಿದ್ದ ಮೇಜಿನ ಕೆಳಗೇ ನಮ್ಮ ಮಕ್ಕಳು ಅಂಬೆಗಾಲಿಡುತ್ತಿದ್ದವು. ಆ ಗಂಟಲುಗಳ ಬಗ್ಗೆ ಯಾರೂ ಕೇಳುತ್ತಿರಲಿಲ್ಲ.

ಮಕ್ಕಳನ್ನು ಯಾಕೆ ತರುತ್ತೀರಿ ಎಂದು ಕೇಳುವವರಿದ್ದಾರೆ. ಎಲ್ಲಿ ಬಿಡೋಣ, ನೀವೇ ಹೇಳಿ. ಯಜಮಾನನಿಗೂ ಅದು ಗೊತ್ತು. ಮಕ್ಕಳನ್ನು ತರಬೇಡಿ ಎಂದರೆ ಅರ್ಧ ಸ್ಟೂಲು ಖಾಲಿಯಾಗುತ್ತದೆ. ಅದಕ್ಕೇ ಕಂಡೂ ಕಾಣದ ಹಾಗಿರುತ್ತಾನೆ. ಬಟ್ಟೆ ಕೊಳ್ಳುವ ಕಂಪನಿಯವರು ನೋಡಲು ಬರುವ ದಿನ ಮಾತ್ರ ಮಕ್ಕಳನ್ನೆಲ್ಲ ರಟ್ಟಿನ ಪೆಟ್ಟಿಗೆಗಳ ಕೋಣೆಗೆ ತಳ್ಳಿ ಬಾಗಿಲು ಹಾಕಿಸುತ್ತಾನೆ. ಬಂದವರು ಗೋಡೆ ನೋಡಿ, ಫ್ಯಾನು ನೋಡಿ, ಕಾಫಿ ಕುಡಿದು ಹೋಗುತ್ತಾರೆ.

ನನ್ನ ಪಕ್ಕದ ಸ್ಟೂಲಿನವಳು ನನ್ನ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಅಣ್ಣತಮ್ಮಂದಿರಿಬ್ಬರೂ ಲಾರಿಯ ಮೇಲೆ, ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಅತ್ತೆಗೆ ಕಣ್ಣು ಕಾಣುವುದಿಲ್ಲ. ಓರಗಿತ್ತಿಯರೆಂದರೆ ಹಾವು ಮುಂಗುಸಿ ಎನ್ನುತ್ತಾರಲ್ಲ, ನಾವೂ ಹಾಗೇ ಇದ್ದೆವು. ಅವಳ ಮಗಳು ಹುಟ್ಟಿದ ಮೇಲೆ ಜಗಳಕ್ಕೆ ಪುರುಸೊತ್ತಾಗಲಿಲ್ಲ. ಆ ಮಗುವಿಗೆ ಬುಗುರಿ ಎಂದು ಹೆಸರಿಟ್ಟವಳು ನಾನೇ. ನಡೆಯಲು ಕಲಿತಂದಿನಿಂದ ನೆಟ್ಟಗೆ ಹೋದವಳಲ್ಲ. ಸುತ್ತುತ್ತಾ ಹೋಗುತ್ತಾಳೆ, ಸುತ್ತುತ್ತಾ ಬೀಳುತ್ತಾಳೆ, ಬಿದ್ದಲ್ಲೇ ನಗುತ್ತಾಳೆ.

ದವಡೆ ಹಲ್ಲು ಇನ್ನೂ ಬಂದಿರಲಿಲ್ಲ. ತಾಯಿ ಬಿಸ್ಕತ್ತನ್ನೋ ಬ್ರೆಡ್ಡಿನ ಅಂಚನ್ನೋ ತಾನು ಅಗಿದು, ಮೆತ್ತಗೆ ಮಾಡಿ, ತುಟಿಯ ತುದಿಗೆ ತರುತ್ತಿದ್ದಳು. ಬುಗುರಿ ಎರಡು ಬೆರಳಿನಿಂದ ಅದನ್ನು ತೆಗೆದು ತಿನ್ನುತ್ತಿದ್ದಳು. ಆ ಮಗುವಿಗೆ ಗೊತ್ತಿದ್ದದ್ದು ಇಷ್ಟೇ: ಅಮ್ಮನ ತುಟಿಗೆ ಬಂದದ್ದು ನನ್ನದು.

ಅವತ್ತು ಬುಗುರಿ ತಾಯಿಯ ಮೊಣಕಾಲು ಹಿಡಿದು ನಿಂತಿದ್ದಳು. ತಾಯಿಯ ಎರಡು ಕೈಯೂ ಫ್ರಾಕಿನಲ್ಲಿ. ತುಟಿಯ ಮೇಲೆ ಒಂದು ಗುಂಡಿ ಬಂದು ನಿಂತಿತ್ತು. ಮಗು ಕೈ ಚಾಚಿ, ದಿನಾ ಬಿಸ್ಕತ್ತು ತೆಗೆಯುವ ಹಾಗೆಯೇ ಅದನ್ನು ತೆಗೆದು ಬಾಯಿಗಿಟ್ಟುಕೊಂಡಿತು. ಬೇಡ ಎನ್ನಲು ತಾಯಿಗೆ ಬಾಯಿ ಇರಲಿಲ್ಲ. "ಮ್ ಮ್" ಎಂದಳು. ಮಗುವಿಗೆ ಅದು ಆಟವೆನಿಸಿತು. ಕಿಲಕಿಲ ನಕ್ಕಿತು.

"ಯಾರದು ಕಿಸಿಯೋದು!"

ಗಡಿಯಾರ ಮರದ ಅಳತೆಪಟ್ಟಿಯನ್ನು ಮೇಜಿಗೆ ಅಪ್ಪಳಿಸಿದ. ಮಗು ಬೆಚ್ಚಿ ಬಿದ್ದು ಉಸಿರನ್ನು ಒಳಕ್ಕೆಳೆದುಕೊಂಡಿತು. ಗುಂಡಿಯೂ ಆ ಉಸಿರಿನ ಜೊತೆಗೇ ಹೋಯಿತು.

ಉಸಿರು ಕಟ್ಟಿದ ಮಗು ಅಳುತ್ತದೆ, ಕೂಗುತ್ತದೆ ಎಂದು ನಾನು ತಿಳಿದಿದ್ದೆ. ಇಲ್ಲ. ಸದ್ದೇ ಇಲ್ಲ. ಬಾಯಿ ತೆರೆದಿದೆ, ಕಣ್ಣು ತೆರೆದಿದೆ, ಎದೆ ಎದ್ದೆದ್ದು ಕುಸಿಯುತ್ತಿದೆ, ಸದ್ದಿಲ್ಲ. ತುಟಿ ನೇರಳೆಯಾಯಿತು. ತಾಯಿ ಬಾಯಲ್ಲಿದ್ದ ಗುಂಡಿಗಳನ್ನು ಉಗುಳಿ ಚೀರಿದಳು. ಬಟ್ಟೆ ಇಸ್ತ್ರಿ ಮಾಡುವ ಅಜ್ಜಿ ಓಡಿ ಬಂದು ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡಳು. ತಲೆ ಕೆಳಗೆ ಮಾಡಿ, ಅಂಗೈಯ ಬುಡದಿಂದ ಬೆನ್ನಿನ ನಡುವೆ ಗುದ್ದಿದಳು. ಮತ್ತೆ ಗುದ್ದಿದಳು. ಮಗು ಒಮ್ಮೆ ಗೊರಕ್ ಎಂದಿತು. ಇನ್ನೊಂದು ಗುದ್ದಿಗೆ ಹೊರಗೆ ಬೀಳುತ್ತಿತ್ತೋ ಏನೋ.

"ಹಿಂಗೆ ಹೊಡೆದ್ರೆ ಸತ್ತೋಗತ್ತೆ, ಕೊಡಿಲ್ಲಿ!" ಎಂದು ಗಡಿಯಾರ ಮಗುವನ್ನು ಕಸಿದುಕೊಂಡ. ಎರಡು ಬೆರಳನ್ನು ಗಂಟಲಿಗೆ ತುರುಕಿದ. ಅವನೂ ಹೆದರಿದ್ದ, ಸುಳ್ಳು ಹೇಳಲಾರೆ. ಬೆರಳು ಒಳಗೆ ಹೋದದ್ದೇ ಮಗುವಿನ ಕಣ್ಣು ಮೇಲೆ ಸಿಕ್ಕಿಕೊಂಡಿತು. ನಂತರ ದೊಡ್ಡದೊಂದು ಕೆಮ್ಮು. ನಂತರ ಅಳು. ಗುಂಡಿ ಮಾತ್ರ ಬರಲಿಲ್ಲ.

"ನೋಡಿದ್ರಾ? ಹೊಟ್ಟೆಗೆ ದಬ್ಬಿಬಿಟ್ಟೆ. ನಾಳೆ ಬೆಳಿಗ್ಗೆ ಕಕ್ಕಸಲ್ಲಿ ಹೋಗತ್ತೆ," ಎಂದು ಬೆವರು ಒರೆಸಿಕೊಂಡ. ಗೋಡೆ ನೋಡಿದ. "ಹೂಂ, ಕೂತ್ಕೊಳ್ಳಿ. ನಾನಿಲ್ದಿದ್ರೆ ಇವತ್ತು ಒಂದು ಹೆಣ ಬೀಳ್ತಿತ್ತು."

ನಾವು ಕೂತೆವು. ಉಗುಳಿದ ಗುಂಡಿಗಳನ್ನು ಹೆಕ್ಕಿ, ತೊಳೆದು, ಮತ್ತೆ ಬಾಯಿಗೆ ಹಾಕಿಕೊಂಡೆವು. ಇದನ್ನು ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆ ಅವನು ಹೇಳಿದ ಕಡೆ ಏನೂ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಬುಗುರಿ ಸುತ್ತುವುದನ್ನು ಬಿಟ್ಟಳು. ನಾಲ್ಕು ಹೆಜ್ಜೆ ಓಡಿದರೆ ಕೆಮ್ಮು. ಮಲಗಿದಾಗ ಎದೆಯೊಳಗೆ ಸಣ್ಣಗೆ ಕುಯ್ ಕುಯ್. ಗಡಿಯಾರ ತಾನೇ ಮುಂದೆ ಬಿದ್ದು ನಮ್ಮನ್ನು ಯಜಮಾನನಿಗೆ ಗೊತ್ತಿದ್ದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಎಂಥಾ ಕರುಣಾಮಯಿ ಎಂದುಕೊಂಡೆ. ದಾರಿಯಲ್ಲಿ ಗೊತ್ತಾಯಿತು.

"ನೋಡಮ್ಮಾ," ಎಂದ ನನ್ನ ಓರಗಿತ್ತಿಗೆ. "ಕೆಲಸದ ಜಾಗದಲ್ಲಿ ಮಗು ಇತ್ತು, ಗುಂಡಿ ನುಂಗ್ತು ಅಂತ ಹೊರಗೆ ಹೋದ್ರೆ ಕೋಣೆಗೆ ಬೀಗ ಬೀಳತ್ತೆ. ಕೊಳ್ಳೋರು ಓಡಿಹೋಗ್ತಾರೆ. ನಲವತ್ತು ಜನರ ಅನ್ನಕ್ಕೆ ನೀನೇ ಕಲ್ಲು ಹಾಕ್ದಂಗೆ. ಯೋಚ್ನೆ ಮಾಡು."

ಡಾಕ್ಟರು ಮಗುವಿನ ಅಂಗಿ ಎತ್ತುವ ಮೊದಲೇ ಮೂಗು ಎತ್ತಿದರು. "ಏನು ತೊಂದರೆ?"

"ಹುಟ್ಟಿದಾಗಿನಿಂದ ದಮ್ಮು ಸಾರ್," ಎಂದ ಗಡಿಯಾರ.

"ಸುಳ್ಳು," ಎಂದೆ ನಾನು. "ಗುಂಡಿ ಹೋಗಿದೆ ಡಾಕ್ಟ್ರೇ. ಅಂಗಿ ಗುಂಡಿ. ಆವತ್ತು ಉಸಿರೇ ನಿಂತಿತ್ತು."

"ನೀನು ತಾಯೀನಾ?"

"ದೊಡ್ಡಮ್ಮ."

"ತಾಯಿ ಹೇಳ್ಲಿ. ಗುಂಡಿ ನುಂಗಿದ್ದು ನೀನು ನೋಡಿದ್ಯೇನಮ್ಮಾ?"

ಅವಳು ಗಡಿಯಾರನನ್ನು ನೋಡಿದಳು. ನೆಲ ನೋಡಿದಳು. ಇಲ್ಲ ಎಂದು ತಲೆಯಾಡಿಸಿದಳು.

ಆದರೂ ಎದೆಯ ಫೋಟೋ ತೆಗೆಸಿದರು. ಬೆಳಕಿಗೆ ಹಿಡಿದು, "ಎಲ್ಲಿದೆ ಗುಂಡಿ? ತೋರಿಸು ನೋಡೋಣ," ಎಂದು ನನ್ನನ್ನು ಕೇಳಿದರು. ನನಗೆ ಕಂಡದ್ದು ಬರೀ ಎಲುಬು. "ಮನೇಲಿ ಹೊಗೆ, ಧೂಳು, ಕೊಳಕು. ಇಂಥ ಕಡೆ ಬೆಳೆಯೋ ಮಕ್ಕಳಿಗೆಲ್ಲ ಇದು ಇದ್ದದ್ದೇ," ಎಂದು ಒಂದು ಸಿರಪ್ಪು ಬರೆದರು. ನಮ್ಮ ಮನೆಯನ್ನು ಅವರು ನೋಡಿದವರಲ್ಲ. ಕೆಂಪು ನೆಲ ಒರೆಸಿ ಒರೆಸಿ ನನ್ನ ಮೊಣಕಾಲು ಕರಿದಾಗಿದೆ.

ಮನೆಗೆ ಬಂದು ಅವಳ ಮೇಲೆ ಹರಿಹಾಯ್ದೆ. "ನಿನ್ನ ಬಾಯಿಗೆ ಏನು ಬಡಿದಿತ್ತೇ? ಹೆತ್ತವಳೇನೇ ನೀನು?"

"ಇಸ್ತ್ರಿ ಅಜ್ಜಿ ಎಲ್ಲಿಗೆ ಹೋಗ್ತಾಳೆ ಅಕ್ಕಾ?" ಎಂದಳು. "ನೀನೆಲ್ಲಿಗೆ ಹೋಗ್ತೀಯ? ಎಲ್ಲರೂ ನಂಗೆ ಶಾಪ ಹಾಕ್ತೀರಿ. ಫೋಟೋದಲ್ಲೂ ಏನೂ ಇಲ್ಲ ಅಂದ್ರಲ್ಲ. ಹೊಟ್ಟೆಗೇ ಹೋಗಿರಬಹುದು."

"ಹೊಟ್ಟೆಗೆ ಹೋಗಿದ್ರೆ ಎದೆ ಯಾಕೆ ಕೂಗತ್ತೆ?"

ಅವಳು ಮಗುವಿನ ಎದೆಗೆ ಕಿವಿಯಿಟ್ಟು ಮಲಗಿದಳು. ನಾನು ಮಾತು ಬಿಟ್ಟೆ. ಒಂದೇ ಒಲೆ, ಅಕ್ಕಪಕ್ಕದ ಸ್ಟೂಲು, ಮಾತಿಲ್ಲ. ಬಾಯಲ್ಲಿ ಗುಂಡಿ ಇದ್ದದ್ದರಿಂದ ಕೋಣೆಯಲ್ಲಿ ಅದು ಯಾರಿಗೂ ಗೊತ್ತಾಗಲೂ ಇಲ್ಲ. ಸಿರಪ್ಪಿನ ಬಾಟಲಿ ಮುಗಿಯಿತು. ಜ್ವರ ಬಂತು. ಗಡಿಯಾರ ಮಾತ್ರ ಬಂದ ಬಂದವರಿಗೆಲ್ಲ ಬುಗುರಿಯನ್ನು ತೋರಿಸಿ, "ಇದನ್ನ ಉಳಿಸಿದ್ದು ನಾನೇ," ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಮೇಜಿನ ಕೆಳಗಿಂದ ಕೆಮ್ಮು ಕೇಳಿಸಿತು. ನಿಲ್ಲಲಿಲ್ಲ. ಬಗ್ಗಿ ನೋಡಿದರೆ ಬುಗುರಿಯ ತುಟಿ ಮತ್ತೆ ನೇರಳೆ. ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಓರಗಿತ್ತಿ ಫ್ರಾಕು ಬಿಸಾಡಿ ಮಗುವನ್ನೆತ್ತಿ ಓಡಿದಳು. ಹಿಂದೆ ನಾನು. ನಮ್ಮ ಹಿಂದೆ ಗಡಿಯಾರ, "ನಿಲ್ಲಿ, ವ್ಯಾನಿದೆ, ವ್ಯಾನಲ್ಲಿ ಹೋಗೋಣ," ಎನ್ನುತ್ತಾ. ವ್ಯಾನಿನಲ್ಲಿ ದಾರಿಯುದ್ದಕ್ಕೂ ಅದೇ ರಾಗ. ದಮ್ಮು ಅಂತ ಹೇಳು. ನಲವತ್ತು ಜನ. ದಮ್ಮು ಅಂತ ಹೇಳು.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಒಬ್ಬರು ಬಂದರು. ನಗು ಇಲ್ಲದ ಮುಖ. ಮಗುವಿನ ಮೂಗಿಗೆ ಗಾಳಿಯ ಕೊಳವೆ ಹಿಡಿಸಿ, ಎದೆಗೆ ಸ್ಟೆತೋಸ್ಕೋಪ್ ಇಟ್ಟು ಎಡಕ್ಕೆ ಕೇಳಿದರು, ಬಲಕ್ಕೆ ಕೇಳಿದರು, ಮತ್ತೆ ಎಡಕ್ಕೆ. "ಬಲಗಡೆ ಗಾಳಿನೇ ಆಡ್ತಿಲ್ಲ. ಇದು ಹೇಗೆ ಶುರುವಾಯ್ತು?"

"ಹುಟ್ಟಿದಾಗಿನಿಂದ ದಮ್ಮು ಮೇಡಂ," ಎಂದ ಗಡಿಯಾರ.

"ನೀವು ಯಾರು?"

"ಮನೆಯವರ ಥರಾನೇ ಮೇಡಂ."

"ಮನೆಯವನೂ ಅಲ್ಲ, ಮಠದವನೂ ಅಲ್ಲ," ಎಂದೆ ನಾನು. "ಮೇಸ್ತ್ರಿ."

ಡಾಕ್ಟರಮ್ಮ ಅವನ ಕಡೆ ಬೆನ್ನು ಹಾಕಿ ತಾಯಿಯ ಎದುರು ನಿಂತರು. "ನೋಡಮ್ಮಾ, ದಮ್ಮಾದ್ರೆ ಎರಡೂ ಕಡೆ ಕೂಗತ್ತೆ. ಇದು ಒಂದೇ ಕಡೆ. ಚೆನ್ನಾಗಿ ಆಡ್ಕೊಂಡಿದ್ದ ಮಗುಗೆ ದಿಢೀರ್ ಅಂತ ಉಸಿರು ಕಟ್ಟಿತ್ತಾ? ಬಾಯಲ್ಲಿ ಏನಾದ್ರೂ ಇತ್ತಾ? ನಿಜ ಹೇಳಿದ್ರೆ ಮಾತ್ರ ನಾನು ಏನಾದ್ರೂ ಮಾಡೋಕಾಗೋದು."

ನಾನು ಬಾಯಿ ತೆರೆದೆ. ಅವಳು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

"ನಲವತ್ತು ಜನ," ಎಂದು ಹಿಂದಿನಿಂದ ಗಡಿಯಾರ ಪಿಸುಗುಟ್ಟಿದ.

ಅವಳು ತಿರುಗಿ ಅವನನ್ನು ನೋಡಿದಳು. ಅಷ್ಟು ವರ್ಷ ಪಕ್ಕದಲ್ಲಿ ಕೂತು ಅವಳ ಅಂಥ ಮುಖವನ್ನು ನಾನು ಕಂಡಿರಲಿಲ್ಲ. ಎಡಗೆನ್ನೆಯೊಳಗೆ ನಾಲಿಗೆ ಆಡಿದ್ದು ಕಾಣಿಸಿತು. ಬಗ್ಗಿದಳು. ಮೇಜಿನ ಮೇಲಿದ್ದ ಸ್ಟೀಲ್ ತಟ್ಟೆಗೆ ಉಗುಳಿದಳು.

ಟಣ್.

ಮುತ್ತಿನ ಬಣ್ಣದ ಗುಂಡಿ. ಓಡಿ ಬಂದ ಭರದಲ್ಲಿ ಕೆನ್ನೆಯಲ್ಲೇ ಉಳಿದಿತ್ತು.

"ಇಂಥದ್ದು," ಎಂದಳು. "ಇಂಥದ್ದೇ ಒಂದು ಒಳಗಿದೆ. ಇವಳು ನನ್ನ ಬಾಯಿಂದ ತಗೊಂಡ್ಳು ಮೇಡಂ. ಕೆಲಸ ಮಾಡೋ ಕೋಣೇಲಿ. ನಮ್ಮ ಬಟ್ಟಲು ಕಿತ್ಕೊಂಡು ಗುಂಡಿ ಬಾಯಲ್ಲಿಡಿಸಿದ್ದು ಇವನು. ಮಗು ನಕ್ಕಿತು ಅಂತ ಮೇಜು ಬಡಿದವನು ಇವನು. ಗಂಟಲಿಗೆ ಬೆರಳು ಹಾಕಿದವನೂ ಇವನೇ. ದಮ್ಮಿಲ್ಲ. ನನ್ನ ಮಗೂಗೆ ಯಾವ ದಮ್ಮೂ ಇಲ್ಲ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳೋ ಬಾಯಿ ನಮ್ಮದಾಗಿರ್ಲಿಲ್ಲ ಮೇಡಂ."

ಡಾಕ್ಟರಮ್ಮ ಮುಂದೆ ಬೈಯಲಿಲ್ಲ. ಆ ಗುಂಡಿಯನ್ನು ಎಂಜಲೆನ್ನದೆ ಕೈಗೆತ್ತಿಕೊಂಡರು. ತಿರುಗಿಸಿ ಕೊಂಡಿ ನೋಡಿದರು. ಪ್ಲಾಸ್ಟಿಕ್ಕು ಫೋಟೋದಲ್ಲಿ ಕಾಣುವುದಿಲ್ಲ, ಫೋಟೋ ಚೆನ್ನಾಗಿದೆ ಎಂದರೆ ಎದೆ ಖಾಲಿ ಇದೆ ಎಂದಲ್ಲ, ಎಂದರು. ಮಗುವಿಗೆ ಮತ್ತಿನ ಔಷಧಿ ಕೊಟ್ಟು, ಬಾಯಿಯಿಂದ ಶ್ವಾಸದ ದಾರಿಗೆ ಒಂದು ಕೊಳವೆ ಇಳಿಸಿ, ಅದರೊಳಗಿಂದ ಸಣ್ಣ ಇಕ್ಕಳ ಹಾಕಿ ಹಿಡಿದು ತೆಗೆಯಬೇಕು. ಜಾರಿದರೆ ಕಷ್ಟ. "ಇದು ಸಿಕ್ಕಿದ್ದು ಒಳ್ಳೇದಾಯ್ತು. ಯಾವ ಇಕ್ಕಳ ಇದನ್ನ ಕಚ್ಚತ್ತೆ ಅಂತ ಮೊದಲು ಇಲ್ಲೇ ನೋಡ್ಕೊಳ್ತೀನಿ," ಎಂದರು.

ನನಗೆ ನಮ್ಮ ಕೋಣೆಯ ಗುಂಡಿ ಜಗ್ಗುವ ಯಂತ್ರ ನೆನಪಾಯಿತು.

ಗಡಿಯಾರ ಹಲ್ಲು ಕಿರಿಯುತ್ತಾ ಮುಂದೆ ಬಂದ. "ನಾನು ಉಳಿಸೋಕೆ ನೋಡಿದ್ದು ಮೇಡಂ. ಬೆರಳು ಹಾಕಿದ್ಮೇಲೇ ಉಸಿರು ಬಂದಿದ್ದು."

"ಕಣ್ಣಿಗೆ ಕಾಣದ್ದನ್ನ ಬೆರಳಲ್ಲಿ ಹುಡುಕಬಾರದು. ನೀವು ಅದನ್ನ ಇನ್ನೂ ಕೆಳಕ್ಕೆ ದಬ್ಬಿದ್ರಿ. ಎದೆಯ ಒಂದು ಕಡೆ ಮುಚ್ಚಿತು, ಇನ್ನೊಂದು ಕಡೆ ಬಿಟ್ಟುಕೊಂಡಿತು, ಅದಕ್ಕೇ ಅತ್ತಿದ್ದು. ಸ್ವಲ್ಪ ಆಚೀಚೆ ಆಗಿದ್ರೆ ಅಲ್ಲೇ ಮುಗೀತಿತ್ತು," ಎಂದು ಹೇಳಿ ಅವರು ಬಾಗಿಲು ಹಾಕಿಕೊಂಡರು.

ಅವನು ತನ್ನ ಎರಡು ಬೆರಳನ್ನು ನೋಡುತ್ತಾ ನಿಂತ. ಆ ಗೋಡೆಯ ಮೇಲೂ ಒಂದು ಗಡಿಯಾರವಿತ್ತು. ಅದನ್ನು ನೋಡಲಿಲ್ಲ.

ನಾವಿಬ್ಬರೂ ನೆಲದ ಮೇಲೆ ಕೂತೆವು. ಅವಳು ಅಳಲಿಲ್ಲ. ಬಾಯಿ ಬಿಟ್ಟವಳು ಮುಚ್ಚಲೇ ಇಲ್ಲ. ಬಟ್ಟಲು ಹೋದ ದಿನದಿಂದ ಮೊದಲ್ಗೊಂಡು ಎಲ್ಲವನ್ನೂ ಹೇಳಿದಳು. ಬಂದು ಹೋಗುವ ನರ್ಸಿಗೆ, ಗುಡಿಸುವವಳಿಗೆ, ಪಕ್ಕದಲ್ಲಿ ಕೂತ ಯಾರದೋ ಅಪ್ಪನಿಗೆ. ನಾನು ಅವಳ ಬೆನ್ನು ಸವರುತ್ತಾ ಕೂತೆ. ನಮ್ಮ ಮಾತು ಬಿಟ್ಟ ಜಗಳ ಹೇಗೆ ಮುಗಿಯಿತೆಂದು ಇಬ್ಬರಿಗೂ ಗೊತ್ತಿಲ್ಲ.

ಬಾಗಿಲು ತೆರೆದಾಗ ಡಾಕ್ಟರಮ್ಮನ ಕೈಯಲ್ಲಿ ಅದೇ ತಟ್ಟೆಯಿತ್ತು. ತಟ್ಟೆಯಲ್ಲಿ ಎರಡು ಗುಂಡಿ. ಒಂದು ಹೊಳೆಯುತ್ತಿತ್ತು, ಇನ್ನೊಂದಕ್ಕೆ ಕೀವು, ರಕ್ತ. ಒಳಗಿಂದ ಬುಗುರಿ ಅಳುವುದು ಕೇಳಿಸಿತು. ಒಡೆದ ಗಂಟಲಿನ, ಒರಟಾದ, ಎದೆ ತುಂಬ ಗಾಳಿಯಿದ್ದ ಅಳು.

ಇದನ್ನೆಲ್ಲ ಬರೆದು ಮೇಲಿನವರಿಗೆ ಕಳಿಸುತ್ತೇನೆ ಎಂದರು ಡಾಕ್ಟರಮ್ಮ. ಕಳಿಸಿರಬಹುದು. ನಮ್ಮ ಕೋಣೆಯ ಕಡೆ ಯಾರೂ ತಲೆ ಹಾಕಲಿಲ್ಲ. ಯಜಮಾನ ಮಾತ್ರ ಚುರುಕಾಗಿ ತೀರ್ಪು ಕೊಟ್ಟ. ಇನ್ನು ಮುಂದೆ ಗೇಟಿನೊಳಗೆ ಮಕ್ಕಳು ಬರಕೂಡದು. ಬುಗುರಿಯ ತಾಯಿಗೆ ಕೆಲಸವಿಲ್ಲ. ಬಟ್ಟಲಿನ ಸುದ್ದಿಯೇ ಇಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಕೆಲಸಕ್ಕೆ ಹೋದ ಮೊದಲ ದಿನ, ಅವಳೂ ಬುಗುರಿಯನ್ನೆತ್ತಿಕೊಂಡು ನನ್ನ ಜೊತೆಗೇ ಬಂದಳು. ಕಾವಲುಗಾರ ಅವಳನ್ನು ಹೊರಗೇ ನಿಲ್ಲಿಸಿದ. ಒಳಗೆ ಗಡಿಯಾರ ಭಾಷಣ ಶುರು ಮಾಡಿದ. "ತಾಯಿ ಅನ್ನಿಸ್ಕೊಂಡೋಳಿಗೆ ಮಗು ಮೇಲೆ ನಿಗಾ ಇಲ್ಲದಿದ್ರೆ ಕಂಪನಿ ಏನು ಮಾಡಕ್ಕಾಗತ್ತೆ? ಎಲ್ಲರಿಗೂ ಇದು ಪಾಠ." ಆಮೇಲೆ ಎಂದಿನಂತೆ ಒಬ್ಬೊಬ್ಬರ ಅಂಗೈಗೂ ಒಂದು ಹಿಡಿ ಗುಂಡಿ ಸುರಿಯುತ್ತಾ ಬಂದ. "ಹೂಂ, ಬಾಯಿಗೆ ಹಾಕ್ಕೊಳ್ಳಿ."

ನಾನು ನನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟೆ. ಗುಂಡಿಗಳನ್ನು ಅದರಲ್ಲಿ ಸುರಿದೆ. ಕೋಣೆಯಿಡೀ ಕೇಳುವಷ್ಟು ಸದ್ದಾಯಿತು. ಎದುರಿನವಳು ನನ್ನನ್ನು ನೋಡಿದಳು. ಅವಳೂ ಮುಚ್ಚಳ ತೆಗೆದಳು. ಅವಳ ಪಕ್ಕದವಳು ತೆಗೆದಳು. ಆಲಿಕಲ್ಲು ತಗಡಿನ ಮೇಲೆ ಬಿದ್ದ ಹಾಗೆ ಆ ಸದ್ದು ಸಾಲಿನ ತುದಿಯವರೆಗೂ ಹೋಯಿತು.

"ಏನಿದು? ಏನ್ ನಾಟಕ?"

"ಬಟ್ಟಲು," ಎಂದೆ.

"ಬಾಯಿ ಮುಚ್ಚು."

"ಮುಚ್ಚಲ್ಲ. ಗೇಟು ತೆಗೆಸು. ಅವಳು ಒಳಗೆ ಬರ್ಬೇಕು. ಆ ರಟ್ಟಿನ ಕೋಣೆ ಖಾಲಿ ಮಾಡಿಸು, ಮಕ್ಕಳು ಅಲ್ಲಿರ್ತವೆ, ನೋಡ್ಕೊಳ್ಳೋಕೆ ಒಬ್ಬಳು ಇರ್ತಾಳೆ. ಅಲ್ಲಿವರೆಗೆ ಸೂಜಿ ಮುಟ್ಟಲ್ಲ."

"ನೀನೊಬ್ಬಳು ಮುಟ್ಟದಿದ್ರೆ..."

"ನಾನೂ ಮುಟ್ಟಲ್ಲ," ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದರು. ಆ ದನಿ ಯಾರದೆಂದು ತಿರುಗಿ ನೋಡಬೇಕಾಯಿತು. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಕೂತಿದ್ದೇವೆ, ಒಬ್ಬರ ದನಿ ಒಬ್ಬರಿಗೆ ಗೊತ್ತಿರಲಿಲ್ಲ. ಆಮೇಲೆ ಇನ್ನೊಬ್ಬಳು. ಆಮೇಲೆ ಯಾರು ಯಾರೆಂದು ತಿಳಿಯದಷ್ಟು ಜನ.

ಆ ಗದ್ದಲದ ನಡುವೆ ಗೇಟಿನ ಕಡೆಯಿಂದ ಬುಗುರಿ ನಕ್ಕಿದ್ದು ಕೇಳಿಸಿತು. ಯಾಕೆ ನಕ್ಕಳೋ, ಕಾಗೆ ಕಂಡಿರಬೇಕು. ಗಡಿಯಾರನ ಕೈ ತಾನಾಗಿಯೇ ಅಳತೆಪಟ್ಟಿಗೆ ಹೋಯಿತು. ಎತ್ತಿದ. ಎಲ್ಲರೂ ಆ ಕೈಯನ್ನೇ ನೋಡಿದರು. ಕೈ ಅಲ್ಲೇ ನಿಂತಿತು. ಅಪ್ಪಳಿಸಲಿಲ್ಲ. ಮೆಲ್ಲಗೆ ಇಳಿಸಿ, ಅಭ್ಯಾಸದಂತೆ ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ಇಸ್ತ್ರಿ ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಎದ್ದು ನಿಂತಳು.

"ಅಲ್ಲೇನು ನೋಡ್ತೀಯಾ?" ಎಂದಳು. "ಇಲ್ಲಿ ನೋಡು. ನಾವು ಮಾತಾಡ್ತಾ ಇದ್ದೀವಿ."